ನಾಗುವಿನ ಸೋಮವಾರ

ಉಮ್ಮತ್ತೂರು
೮ ಜುಲೈ ೨೦೨೪

ನಾಗು,

ಅಕ್ಕನ ಕಾಗದ ಬಂತೆಂದು ಗಾಬರಿ ಬೀಳಬೇಡ. ಯಾರೂ ಸತ್ತಿಲ್ಲ. ಫೋನು ಕೆಟ್ಟಿಲ್ಲ, ನನ್ನ ಗಂಟಲು ಕೆಟ್ಟಿದೆ. ಹೋದ ಸಲ ಫೋನು ಮಾಡಿದಾಗ "ಏನಕ್ಕ, ಬಾವಿ ಒಳಗಿಂದ ಮಾತಾಡ್ದಂಗದೆ" ಅಂದೆಯಲ್ಲ, ಅದು ಶೀತವಲ್ಲ. ನನ್ನ ಮಗ ಬಸವಪ್ರಸಾದ್ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ಗಂಟು ಬೆಳೆದಿದೆಯಂತೆ, ಕೆಟ್ಟ ಗಂಟು. ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ಆದರೆ ಅದರ ಜೊತೆಗೆ ಮಾತಿನ ಪೆಟ್ಟಿಗೆಯೂ ಹೋಗುತ್ತದೆ ಅಂದರು ಡಾಕ್ಟರು. ಆಮೇಲೆ ಕತ್ತಿನಲ್ಲಿ ಒಂದು ತೂತು, ಉಸಿರಾಡುವುದೆಲ್ಲ ಅಲ್ಲಿಂದಲೇ. ಮಾತು ಮಾತ್ರ ಇಲ್ಲ. ಶ್ರಾವಣದಲ್ಲಿ ಆಪರೇಶನ್ನು.

ನಾನು ಹಿತ್ತಲಲ್ಲಿ ನಿಂತು ಕೂಗಿದರೆ ಊರಾಚೆ ಹೊಲದಲ್ಲಿದ್ದವರು ಊಟಕ್ಕೆ ಏಳುತ್ತಿದ್ದರು. ಅಂಥವಳಿಗೆ ಈ ಗತಿ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಇನ್ನು ಮೇಲೆ ನಿನ್ನ ಅಕ್ಕ ಬಂಗಾರದ ಒಡತಿ ಕಣೆ.

ಉಳಿದಿರುವ ದನಿಯನ್ನು ಜೋಪಾನವಾಗಿ ಬಳಸಿ ಅಂದಿದ್ದಾರೆ. ಒಂದಿಷ್ಟು ಮಾತಾಡಿದರೆ ಸಾಕು, ಆ ದಿನದ್ದೆಲ್ಲ ಮುಗಿದುಹೋಗುತ್ತದೆ. ಆಮೇಲೆ ಬರೀ ಗಾಳಿ. ಆ ಪಿಸುದನಿ ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಬೀದಿಯಲ್ಲಿ ಯಾರು ಮಾತಾಡಿಸಿದರೂ ತಲೆ ಆಡಿಸಿ ಸುಮ್ಮನಾಗುತ್ತೇನೆ. ಗುರುಸಿದ್ದಮ್ಮನಿಗೆ ಕೊಬ್ಬು ಬಂದಿದೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನಾನು ದನಿ ಉಳಿಸುತ್ತಿರುವುದು ನಿನಗೆ. ಅವ್ವ ಹೋದಾಗ ನಿನಗೆ ಇನ್ನೂ ಒಂದೂವರೆ ವರ್ಷ, ನನಗೆ ಹನ್ನೆರಡು. ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದು "ಅವ್ವ ಎಂಗ್ ಮಾತಾಡ್ತಿದ್ಲು, ಮಾತಾಡ್ ತೋರ್ಸಕ್ಕ" ಅಂತ ಕಾಡುತ್ತಿದ್ದೆ. ನಾನು ಕೆಲಸ ಮುಗೀಲಿ ತಡಿ ಅನ್ನುತ್ತಿದ್ದೆ. ಕೆಲಸ ಮುಗಿಯಿತಾ? ನಿನ್ನ ಮದುವೆಯಾಯಿತು, ನನ್ನ ಗಂಡ ಹೋದರು, ಮೊಮ್ಮಕ್ಕಳಾದವು, ಕೆಲಸ ಮಾತ್ರ ಹಾಗೇ ಇದೆ. ನನ್ನ ದನಿ ಥೇಟು ಅವ್ವನದು ಅಂತ ಹಳಬರೆಲ್ಲ ಹೇಳುತ್ತಿದ್ದರು. ಅವಳ ಹಾಗೆ ಮಾತಾಡಿ ತೋರಿಸುವುದು ಈಗ ಈ ಭೂಮಿಯ ಮೇಲೆ ನನಗೊಬ್ಬಳಿಗೇ ಬರುತ್ತದೆ. ಅದನ್ನು ಬರೆದು ಕಳಿಸಲಾಗುವುದಿಲ್ಲ.

ಒಂದು ದಿನ ಬಾ. ಬೆಳಿಗ್ಗೆ ಬಂದು ಸಂಜೆ ಹೋಗು. ಮೂರು ಬಸ್ಸಿನ ದಾರಿ, ಕಾಶಿಗೆ ಬಾ ಅನ್ನುತ್ತಿಲ್ಲ.

ಗುರುಸಿದ್ದಮ್ಮ


ಹಂಗಳ
೧೬ ಜುಲೈ ೨೦೨೪

ಅಕ್ಕನಿಗೆ ನಾಗರತ್ನ ಮಾಡುವ ಶರಣು.

ಪೋಸ್ಟಿನ ರಾಜಣ್ಣ ಹೊಲದ ಬದುವಿನಲ್ಲೇ ಕಾಗದ ಕೊಟ್ಟರು. ಓದಿ ಅಲ್ಲೇ ಕುಳಿತುಬಿಟ್ಟೆ. ಇವರು ಓಡಿ ಬಂದು "ಏನಮ್ಮಿ, ಆವುಗೀವು ಕಚ್ತಾ?" ಅಂದರು. ಕಾಗದ ಅವರ ಕೈಗೆ ಕೊಟ್ಟೆ.

ನೀನು ಧೈರ್ಯಗೆಡಬೇಡ ಅಕ್ಕ. ಈಗ ಡಾಕ್ಟರುಗಳು ಏನೇನೋ ಮಾಡುತ್ತಾರೆ. ಮಾತು ಹೋಗುತ್ತದೆ ಅಂದದ್ದು ಮುಂಜಾಗ್ರತೆಗೆ ಇರಬೇಕು. ಆರು ತಿಂಗಳಲ್ಲಿ ಮತ್ತೆ ನೀನು ಹಿತ್ತಲಲ್ಲಿ ನಿಂತು ಕೂಗುತ್ತೀಯ, ನೋಡುತ್ತಿರು.

ಬರುತ್ತೇನೆ, ಖಂಡಿತ ಬರುತ್ತೇನೆ. ಈಗಲೇ ಮಾತ್ರ ಆಗುವುದಿಲ್ಲ. ಚೆಂಡು ಹೂ ಕೊಯ್ಲು ನಡೆದಿದೆ. ಬಣ್ಣ ತೆಗೆಯುವ ಕಾರ್ಖಾನೆಯ ಲಾರಿ ಬರುವಷ್ಟರಲ್ಲಿ ಬಿಡಿಸಿ ಚೀಲ ತುಂಬಬೇಕು. ಬಿಡಿಸದೆ ಬಿಟ್ಟರೆ ಗಿಡದಲ್ಲೇ ಕಪ್ಪಾಗುತ್ತದೆ. ಅದನ್ನಾದರೂ ಇವರು ನೋಡಿಕೊಳ್ಳುತ್ತಾರೆ. ನಮ್ಮ ಕೆಂದಿ ಹಸುವಿನದೇ ದೊಡ್ಡ ಕಷ್ಟ. ಈಗ ಎರಡನೇ ಕರು ಹಾಕಿದೆ. ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ. ಮಗಳು ಅನು ರಜದಲ್ಲಿ ಹಾಸ್ಟೆಲಿನಿಂದ ಬಂದಾಗ ಒಂದು ದಿನ ಕೂತು ನೋಡಿದಳು, ಬಕೆಟ್ಟು ಒಂದು ಕಡೆ, ಅವಳೊಂದು ಕಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆಯಲೇಬೇಕಲ್ಲ. ಕರೆಯದಿದ್ದರೆ ಕೆಚ್ಚಲು ಊದಿಕೊಳ್ಳುತ್ತದೆ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಅವತ್ತು ಉಳುವ ಕೆಲಸವಿಲ್ಲ, ಇವರು ಮನೆಯಲ್ಲೇ ಇರುತ್ತಾರೆ. ಜುಲೈ ಇಪ್ಪತ್ತೊಂಬತ್ತು ಸೋಮವಾರ. ಅವತ್ತು ಬೆಳಿಗ್ಗೆ ಹಾಲು ಕರೆದು ಮೊದಲ ಬಸ್ಸು ಹತ್ತುತ್ತೇನೆ. ಸಂಜೆಯದನ್ನು ಒಂದು ದಿನ ಇವರು ಹೇಗಾದರೂ ಮಾಡಿ ಕರೆಯುತ್ತಾರೆ.

ನಾನು ಚೆನ್ನಾಗಿದ್ದೇನೆ. ದಣಿವು ಗಿಣಿವು ಏನಿಲ್ಲ. ಊಟ ನಿದ್ದೆ ಎಲ್ಲ ಸರಿಯಾಗಿದೆ. ಇನ್ನೊಂದು ಮಾತು ಅಕ್ಕ, ಅವ್ವನ ದನಿ ಅಂದೆಯಲ್ಲ, ನನಗೂ ಒಂದೊಂದು ಸಲ

ನಾಗು


ಉಮ್ಮತ್ತೂರು
೩೧ ಜುಲೈ ೨೦೨೪

ನಾಗರತ್ನಮ್ಮನವರಿಗೆ,

ಮೊನ್ನೆ ಸೋಮವಾರ ಹತ್ತು ಗಂಟೆಯಿಂದ ಬಸ್ ನಿಲ್ಲುವ ಕಟ್ಟೆಯ ಮೇಲೆ ಕೂತಿದ್ದೆ. ಚಾಮರಾಜನಗರದಿಂದ ಬಂದ ಬಸ್ಸುಗಳನ್ನೆಲ್ಲ ನೋಡಿದೆ. ಹಿಂದಿನ ದಿನ ಒಬ್ಬರೊಡನೆಯೂ ಬಾಯಿ ಬಿಟ್ಟಿರಲಿಲ್ಲ, ಪೂರಾ ದನಿ ನಿನಗಿರಲಿ ಎಂದು. ಒಬ್ಬಟ್ಟು ಮಾಡಿಸಿದ್ದೆ. ಸಂಜೆ ಮೊಮ್ಮಕ್ಕಳು ತಿಂದರು. ನಿನ್ನ ಗಂಡ ನಮ್ಮ ಬಸವಪ್ರಸಾದನಿಗೆ ಫೋನು ಮಾಡಿ "ಬರಕಾಗಲ್ಲ ಅಂತ ಏಳ್ಬುಡಪ್ಪ" ಅಂದನಂತೆ. ಅಷ್ಟೇ. ಯಾಕೆ, ಏನು, ಒಂದೂ ಇಲ್ಲ.

ನಾಗು, ನನಗೆ ಕೋಪ ಬಂದಿದೆ. ಕೂಗಾಡಿ ಕೋಪ ತೀರಿಸಿಕೊಳ್ಳುವ ಹಾಗೂ ಇಲ್ಲ, ಅದಕ್ಕೆ ಇನ್ನೂ ಹೆಚ್ಚಾಗಿದೆ. ಹೋದ ಕಾಗದದಲ್ಲಿ ಒಂದು ಮಾತು ಶುರು ಮಾಡಿ ಅರ್ಧಕ್ಕೇ ಬಿಟ್ಟು ಸಹಿ ಹಾಕಿದ್ದೀಯ. ಕೊನೆಯ ಸಾಲು ಜಾರಿಕೊಂಡು ಕಾಗದದ ಮೂಲೆಗೆ ಹೋಗಿದೆ. ಅಕ್ಕನಿಗೆ ಬರೆಯುವ ಮಾತು ಮುಗಿಸುವಷ್ಟೂ ಪುರುಸೊತ್ತಿಲ್ಲವಾ?

ಹಸು ಬಿಡುವುದಿಲ್ಲ ಎಂದು ಬರೆದಿದ್ದೀಯ. ನಾನೂ ಹಸು ಕಟ್ಟಿದವಳೇ. ಬಿಡದೆ ಇರುವುದು ಹಸುವಾ, ಗಂಡನಾ? ಸೋಮವಾರ ಎತ್ತಿಗೆ ರಜ ಕೊಡುವ ಮನೆಯಲ್ಲಿ ನಿನಗೊಂದು ದಿನ ಇಲ್ಲವೆಂದರೆ ನೀಲಕಂಠಸ್ವಾಮಿ ನಿನ್ನನ್ನು ಎತ್ತಿಗಿಂತ ಕಡೆ ಮಾಡಿಕೊಂಡಿದ್ದಾನೆ. ಈ ಕಾಗದ ಅವನಿಗೆ ಓದಿ ಹೇಳು. ಬೇಕಾದರೆ ಅವನ ತಾಯಿಗೂ ಹೇಳು.

ಆಗಸ್ಟ್ ಇಪ್ಪತ್ತೊಂದಕ್ಕೆ ಆಸ್ಪತ್ರೆ ಸೇರಬೇಕು. ಆರು ತಿಂಗಳಲ್ಲಿ ದನಿ ಬರುತ್ತದೆ ಎಂದು ನೀನು ಸಮಾಧಾನ ಹೇಳಿದ್ದೀಯ. ಬರುವುದಿಲ್ಲ. ಕೇಳಿಕೊಂಡು ಬಂದಿದ್ದೇನೆ. ನನಗೆ ಭಯವಾಗುತ್ತದೆ ನಾಗು, ಇದನ್ನು ನನ್ನ ಮಗನ ಹತ್ತಿರವೂ ಹೇಳಿಲ್ಲ.

ಗುರುಸಿದ್ದಮ್ಮ


ಹಂಗಳ
೬ ಆಗಸ್ಟ್ ೨೦೨೪

ಅಕ್ಕನಿಗೆ ಶರಣು.

ನೀನು ಹೇಳಿದ ಹಾಗೆ ಕಾಗದ ಇವರಿಗೆ ಓದಿ ಹೇಳಿದೆ. ಊಟಕ್ಕೆ ಕೂತಿದ್ದರು. ಮುದ್ದೆ ಮುರಿದ ಕೈ ಹಾಗೇ ನಿಂತಿತು. "ನಿಮ್ಮಕ್ಕ ಸರ್ಯಾಗೇ ಅಂದವ್ರೆ ಬುಡು" ಅಂದು ಎದ್ದು ಹೋದರು. ಅವರ ತಪ್ಪಿಲ್ಲ ಅಕ್ಕ. ನಾನು ಹೊರಡುವಾಗ ಕೊಟ್ಟಿಗೆಯಿಂದಲೇ "ಓಗ್ಬಾ ಓಗು, ನಿದಾನುಕ್ಕೆ ಬಾ, ಇಲ್ಲಿಂದೇನೂ ತಲೆಗಾಕ್ಕಬ್ಯಾಡ" ಅಂದವರೇ ಅವರು.

ಆಗಿದ್ದು ಇಷ್ಟು. ಅವತ್ತು ಬೆಳಿಗ್ಗೆ ನಾನು ಹಾಲು ಕರೆಯುವ ಹೊತ್ತಿನಲ್ಲೇ ಇವರು, ಈಗ್ಲೇ ಒಂದ್ ಕೈ ನೋಡ್ಬುಡ್ತೀನಿ, ಸಂಜೇಗೆ ಅಭ್ಯಾಸ ಆಯ್ತದೆ ಅಂತ ಕೂತರು. ನಾನು ಬಸ್ಸಿಗೆ ಹೊರಟೆ. ಕೆಂದಿ ಝಾಡಿಸಿ ಒದೆಯಿತು. ಬಕೆಟ್ಟು ಉರುಳಿತು, ಇವರ ಮೊಣಕಾಲಿಗೆ ಏಟಾಯಿತು, ಹಗ್ಗ ಕಿತ್ತುಕೊಂಡು ಹಸು ಹೊಲದ ಕಡೆ ಓಡಿತು. ಹಾಲು ಮೇಲಕ್ಕೆ ಎಳೆದುಕೊಂಡು ಕೆಚ್ಚಲು ಕಲ್ಲಾಗಿತ್ತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ತೆರಕಣಾಂಬಿ ಮೇಲಿನ ಬಸ್ಸಿಗೆ ಕಾಲಿಟ್ಟಿದ್ದೆ. ಅಷ್ಟರಲ್ಲಿ ಫೋನು ಬಂತು. ಬಾ ಅಂತ ಅವರು ಹೇಳಲಿಲ್ಲ. ಕೆಚ್ಚಲು ಬಿಸಿಯಾಗಿದೆ ಅಂದರು ಅಷ್ಟೇ. ನಾನೇ ಇಳಿದುಬಿಟ್ಟೆ. ಕಂಡಕ್ಟರು ಬೈದ.

ನಿನ್ನ ಕಾಗದ ಕೇಳಿದ ಮಾರನೆಯ ದಿನ ಇವರು ಬಂದು, "ಅಮ್ಮಿ, ನಿನ್ ಸೀರೆ ಒಂದ್ ಕೊಡು" ಅಂದರು. ನಾನು ಪೆಟ್ಟಿಗೆ ತೆಗೆದರೆ, "ಮಡಿಚಿಟ್ಟದ್ದಲ್ಲ ಕಣಮ್ಮಿ, ನೆನ್ನೆ ಉಟ್ಟಿದ್ಯಲ್ಲ, ಒಗೀದೆ ಇರೋದು. ನಿನ್ ವಾಸ್ನೆ ಇರ್ಬೇಕು" ಅಂದರು. ಹಳಬರು ಹೀಗೆ ಮಾಡುತ್ತಿದ್ದರಂತೆ, ಹೆಂಡತಿ ಬಾಣಂತನಕ್ಕೆ ಹೋದರೆ ಗಂಡ ಅವಳ ಸೀರೆ ಉಟ್ಟು ಹಾಲು ಕರೆಯುವುದು. ನನಗೆ ನಾಚಿಕೆಯಾಯಿತು. ಊರವರು ಏನಂದಾರು ಎಂದು ಕೊಡಲೇ ಇಲ್ಲ. ಅವರೇ ಬಟ್ಟೆ ಹಾಕುವ ದಬ್ಬೆಯ ಮೇಲಿಂದ ಎಳೆದುಕೊಂಡರು.

ಮೀಸೆ ಇರುವ ಮುಖಕ್ಕೆ ಸೆರಗು ಹೊದ್ದು ಕೊಟ್ಟಿಗೆಗೆ ಹೋದರು ನೋಡು, ನಮ್ಮತ್ತೆ ಮಲ್ಲಾಜಮ್ಮ ಜಗಲಿಯ ಮೇಲಿಂದ, "ಅಯ್ಯೋ ಶಿವನೆ, ಇದ್ದೊಬ್ಬ ಮಗನೂ ಸೊಸೆ ಆಗ್ಬುಟ್ನಲ್ಲಪ್ಪ" ಅಂತ ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಮೊದಲ ದಿನ ಕೆಂದಿ ಮೂಸಿ ಮೂಸಿ ನೋಡಿತು, ಒದೆಯಲಿಲ್ಲ. ಮೂರನೆಯ ದಿನ ಅರ್ಧ ಹಾಲು ಇಳಿಸಿತು. ಡೈರಿಯ ರಘುನಾಥ ದಾರಿಯಲ್ಲಿ ಹೋಗುತ್ತಿದ್ದವನು ಇಣುಕಿ, "ಏನ್ ಸ್ವಾಮಣ್ಣ, ನಾಟ್ಕುದ್ ಪಾತ್ರನಾ?" ಅಂದ. "ಊಂ ಕಣ್ಲಾ. ಹಸ ಮೆಚ್ಕಂಡ್ರೆ ಸಾಕು, ನೀನ್ ಮೆಚ್ಬೇಕಾಗಿಲ್ಲ" ಅಂದರು ಇವರು. ಆಗ ನನಗೆ ಅಳು ಬಂತು ಅಕ್ಕ. ಈ ಮನುಷ್ಯನ ಮೇಲೆ ಇಷ್ಟು ವರ್ಷ ನಾನೂ ಸುಮ್ಮಸುಮ್ಮನೆ ಗೊಣಗಿದ್ದೇನೆ.

ಆಗಸ್ಟ್ ಹತ್ತೊಂಬತ್ತು, ಶ್ರಾವಣ ಸೋಮವಾರ. ಆಸ್ಪತ್ರೆಗೆ ಎರಡು ದಿನ ಮುಂಚೆ. ಅವತ್ತು ಆನೆ ಅಡ್ಡ ಬಂದು ನಿಂತರೂ ಬರುತ್ತೇನೆ. ಹೋದ ಕಾಗದದ ಕೊನೆ ಸಾಲಿಗೆ ಕೋಪ ಮಾಡಿಕೊಳ್ಳಬೇಡ. ಪೆನ್ನು ಸರಿಯಿರಲಿಲ್ಲ.

ನಾಗು


ಉಮ್ಮತ್ತೂರು
೧೨ ಆಗಸ್ಟ್ ೨೦೨೪

ನಾಗು,

ನೀಲಕಂಠಸ್ವಾಮಿಗೆ ನನ್ನ ಶರಣು ಹೇಳು. ಬಾಯಿ ಹೋಗುವ ಕಾಲಕ್ಕೂ ನನ್ನ ಬಾಯಿ ದುಡುಕಿತು ಎಂದು ಹೇಳು. ಆ ವೇಷದ ಫೋಟೋ ಒಂದು ತೆಗೆದು ತಾ.

ಈಗ ದನಿ ಇನ್ನೂ ಕಡಿಮೆಯಾಗಿದೆ. ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿರುತ್ತದೆ. ನೋವಿದೆ, ಇರಲಿ. ನೀನು ಹೂ ಹಣ್ಣು ಹಾಲು ಮೊಸರು ಏನೂ ಹೊತ್ತು ತರಬೇಡ. ಕಿವಿ ಎರಡು ತಂದರೆ ಸಾಕು.

ಅವ್ವನ ಯಾವ ಮಾತಿನಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಹಾಕಿಕೊಂಡು ಕೂರುತ್ತೇನೆ. ಅವಳು ಕೋಳಿ ಕರೆಯುತ್ತಿದ್ದ ರೀತಿ. ಅಪ್ಪನನ್ನು ಬೈಯುತ್ತಿದ್ದ ರೀತಿ. ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವಾಗ ಮಾತಾಡಿಸುತ್ತಿದ್ದುದು. ಎಲ್ಲ ಇದೆ. ಬಾ.

ಅಕ್ಕ


ಹಂಗಳ
೨೦ ಆಗಸ್ಟ್ ೨೦೨೪

ಅಕ್ಕ,

ಯಾಕೆ ನನ್ನನ್ನು ಎಬ್ಬಿಸಲಿಲ್ಲ?

ಈ ಕಾಗದ ನಿನಗೆ ಸಿಗುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಮನೆಗೆ ಬಂದ ಕೂಡಲೇ ಫೋನು ಮಾಡಿದೆ. ಬಸವಪ್ರಸಾದ್ ಎತ್ತಿಕೊಂಡು "ಅವ್ವಂಗೆ ದನಿನೇ ಬತ್ತಿಲ್ಲ ಚಿಕ್ಕವ್ವ, ಪೂರ್ತಿ ಕಟ್ಕಂಡದೆ" ಅಂದ. ಈವತ್ತು ಬೆಳಿಗ್ಗೆಯೂ ಅದೇ ಅಂದ. ಫೋನನ್ನು ನಿನ್ನ ಬಾಯಿಗೆ ಹಿಡಿಯಪ್ಪ ಅಂದೆ. ಉಸಿರು ಮಾತ್ರ ಕೇಳಿಸಿತು.

ನಾನು ಬಂದಾಗ ಇನ್ನೂ ಬೆಳಗಿನ ಬಿಸಿಲು. ನೀನು ಬಾಗಿಲಲ್ಲೇ ನಿಂತಿದ್ದೆ. "ಬಂದಾ ಕೂಸೆ" ಅಂದೆ. ಒಡೆದ ದನಿ, ಆದರೆ ನಿನ್ನದೇ. ರೊಟ್ಟಿ ಮಜ್ಜಿಗೆ ಕೊಟ್ಟೆ. ಚಾಪೆ ಹಾಸಿ "ಮೂರು ಬಸ್ ಅತ್ತಿ ಬಂದಿದ್ದೀಯ, ಒಂದ್ ಗಳಿಗೆ ಒರಗು, ನಾನು ಎಲೆ ಅಡಿಕೆ ತಟ್ಟೆ ತತ್ತೀನಿ" ಅಂದೆ. ಐದೇ ನಿಮಿಷ ಅಕ್ಕ ಅಂದೆ ನಾನು. ನೀನು ನನ್ನ ಭುಜ ಹಿಡಿದು ಅಲುಗಿಸಿದಾಗ ಸಂಜೆಯ ಬಿಸಿಲು ಹಿತ್ತಲ ಗೋಡೆ ಏರಿತ್ತು. ಬಸವಪ್ರಸಾದ್ ಬೈಕು ಹತ್ತಿ ಕೂತಿದ್ದ, ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ತಪ್ಪಿಹೋಗುತ್ತದೆ ಎಂದು. ನೀನು ನನ್ನ ಕೆನ್ನೆ ಸವರಿದೆ. ನಾನು ಚಪ್ಪಲಿ ಹುಡುಕುತ್ತಿದ್ದೆ. ಬಸ್ಸು ತೆರಕಣಾಂಬಿ ದಾಟಿದ ಮೇಲೆ ನನಗೆ ತಿಳಿಯಿತು ಏನಾಯಿತು ಎಂದು. ಪಕ್ಕದಲ್ಲಿದ್ದ ಹೆಂಗಸು "ಯಾರಾರ ತೀರ್ಕಂಡ್ರಾ?" ಅಂತ ಕೇಳಿದಳು.

ನಿನಗೆ ಸುಳ್ಳು ಬರೆಯುತ್ತಿದ್ದೆ ಅಕ್ಕ. ನಿದ್ದೆ ಸರಿಯಾಗಿದೆ ಎಂದು ಬರೆದೆ. ಹೂ ಮೊಗ್ಗಾದಾಗಿನಿಂದ ಕಾಡಿನ ಕಡೆಯಿಂದ ಹಂದಿ, ಆನೆ ಬರುವುದು ಜಾಸ್ತಿಯಾಗಿದೆ. ಅವು ಹೂವಿನ ಹೊಲ ತುಳಿಯದಂತೆ ಕಾಯಲು ಅರ್ಧ ರಾತ್ರಿ ಇವರು ಅಟ್ಟಣೆಯ ಮೇಲೆ, ಅರ್ಧ ರಾತ್ರಿ ನಾನು. ಬೆಳಗಾದರೆ ಹಾಲು. ಆ ಕಾಗದದ ಸಾಲು ಜಾರಿದ್ದು ಪೆನ್ನಿನಿಂದಲ್ಲ, ಬರೆಯುತ್ತಾ ಬರೆಯುತ್ತಾ ಕಣ್ಣು ಮುಚ್ಚಿಹೋಗಿತ್ತು. ಎಚ್ಚರವಾದಾಗ ಏನು ಬರೆಯುತ್ತಿದ್ದೆನೋ ಮರೆತು ಹೆಸರು ಹಾಕಿ ಮುಚ್ಚಿದೆ. ನಿನಗೆ ಹೇಳಿದ್ದರೆ ನೀನು ಇವರ ಮೇಲೆ ಇನ್ನೂ ರೇಗುತ್ತಿದ್ದೆ.

ಮನೆಗೆ ಬಂದಾಗ ಇವರು ನನ್ನ ಸೀರೆಯಲ್ಲೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಎರಡು ಹೊತ್ತೂ ಹಾಲು ಇಳಿಸಿತಂತೆ. ಮುಖದಲ್ಲಿ ಹಿಗ್ಗು. "ಏನಂದ್ರು ನಿಮ್ಮಕ್ಕ? ಎಲ್ಲ ಮಾತಾಡುದ್ರಾ?" ಅಂದರು. ಊಂ ಅಂದೆ. ಅವ್ವ ಕೋಳಿ ಹೇಗೆ ಕರೆಯುತ್ತಿದ್ದಳು, ಅಪ್ಪನನ್ನು ಹೇಗೆ ಬೈಯುತ್ತಿದ್ದಳು ಎಂದು ನಾನೇ ಏನೇನೋ ಕಟ್ಟಿ ಹೇಳಿದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇಡೀ ವರ್ಷಕ್ಕೆ ಒಂದು ದಿನ ಸಿಕ್ಕಿತು, ಅದನ್ನು ಮಲಗಿ ಕಳೆದೆ. ನೀನು ಹತ್ತಿರವೇ ಇದ್ದೆ. ಒಂದು ಸಲ ಕರೆದಿದ್ದರೆ ಏಳುತ್ತಿದ್ದೆ. ನನ್ನ ಮೇಲೆ ಬೇಜಾರಾಗಿ ಸುಮ್ಮನಿದ್ದೆಯಾ?

ನಾಗು


ಹಂಗಳ
೫ ಸೆಪ್ಟೆಂಬರ್ ೨೦೨೪

ಅಕ್ಕ,

ಆಪರೇಶನ್ನು ಸರಿಹೋಯಿತು, ಮೂಗಿನ ನಳಿಕೆಯಲ್ಲಿ ಗಂಜಿ ಕೊಡುತ್ತಿದ್ದಾರೆ ಎಂದು ಬಸವಪ್ರಸಾದ್ ಹೇಳಿದ. ನನ್ನ ಕಾಗದ ಆಸ್ಪತ್ರೆಗೇ ತಂದುಕೊಟ್ಟನಂತೆ. ನೀನು ಓದಿ ದಿಂಬಿನ ಕೆಳಗಿಟ್ಟುಕೊಂಡೆಯಂತೆ.

ಏನೂ ಬರೆಯದಿದ್ದರೂ ಸರಿ. ಒಂದು ಖಾಲಿ ಕಾಗದವನ್ನಾದರೂ ಮಡಿಸಿ ಕಳಿಸು.

ನಾಗು


ಉಮ್ಮತ್ತೂರು
೧೯ ಸೆಪ್ಟೆಂಬರ್ ೨೦೨೪

ನಾಗು,

ಮನೆಗೆ ಬಂದಿದ್ದೇನೆ. ಕೈಗೆ ಈಗ ಕಸುವು ಬಂದಿದೆ, ಅದಕ್ಕೆ ತಡ. ಬೇಜಾರಿನಿಂದಲ್ಲ. ಕತ್ತಿನ ತೂತಿಗೆ ತೆಳು ಬಟ್ಟೆ ಕಟ್ಟಿಕೊಂಡಿರುತ್ತೇನೆ. ಮೊಮ್ಮಕ್ಕಳು ಮೊದಲು ಹೆದರಿದವು, ಈಗ ನನ್ನ ಹಾಗೆ ಕೈಸನ್ನೆ ಮಾಡಿ ಆಡುತ್ತವೆ. ಒಂದೊಂದು ಸಲ ಮರೆತು ಬಾಯಿ ತೆರೆದುಬಿಡುತ್ತೇನೆ. ಏನೂ ಬರುವುದಿಲ್ಲ. ಆಗ ತಡೆಯಲಾರದಷ್ಟು ಸಂಕಟವಾಗುತ್ತದೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಎಲೆ ಅಡಿಕೆ ತಟ್ಟೆ ಹಿಡಿದು ಬರುವಷ್ಟರಲ್ಲಿ ನಿನಗೆ ನಿದ್ದೆ ಬಂದುಬಿಟ್ಟಿತ್ತು. ಕಾಲು ಚಾಪೆಯಿಂದ ಆಚೆ, ಒಂದು ಕೈಯಲ್ಲಿ ಸೆರಗಿನ ಗಂಟು. ಎಬ್ಬಿಸಬೇಕೆಂದೇ ಬಗ್ಗಿದೆ. ನಿನ್ನ ಮುಖ ನೋಡಿದೆ. ಕಣ್ಣಿನ ಕೆಳಗೆ ಅಷ್ಟು ಕಪ್ಪು ಇದ್ದದ್ದನ್ನು ನೀನು ನಗುತ್ತಾ ಒಳಗೆ ಬಂದಾಗ ನಾನು ಕಂಡೇ ಇರಲಿಲ್ಲ. ಬೆರಳ ಸಂದೆಲ್ಲ ಒಡೆದು ಹೂವಿನ ಹಳದಿ ಕೂತಿತ್ತು. ನೀನು ಯಾವ ಕಾಗದದಲ್ಲೂ ಬರೆಯದಿದ್ದದ್ದು ನನಗೆ ಆಗಲೇ ಗೊತ್ತಾಯಿತು. ಇನ್ನೊಂದು ಸ್ವಲ್ಪ ಹೊತ್ತು ಮಲಗಲಿ ಅಂದುಕೊಂಡೆ. ಮತ್ತೆ ಇನ್ನೊಂದು ಸ್ವಲ್ಪ ಹೊತ್ತು.

ಅಷ್ಟರಲ್ಲಿ ಪಾತ್ರೆಯವನು ಬೀದಿಯಲ್ಲಿ ಕೂಗುತ್ತಾ ಬಂದ. ಹೊರಗೆ ಹೋಗಿ ಗದರಿ ಕಳಿಸಿದೆ. ಮೊಮ್ಮಕ್ಕಳು ಸ್ಕೂಲಿಂದ ಬಂದು ಜಗಳ ತೆಗೆದವು, ಅವಕ್ಕೆ ಗದರಿದೆ. ಪಕ್ಕದ ಮನೆ ವನಿತಾ ರೇಡಿಯೋ ಹಾಕಿದಳು, ಕಾಂಪೌಂಡಿನ ಮೇಲಿಂದ ಅವಳಿಗೂ ಹೇಳಿದೆ. "ಏನ್ ಗುರುಸಿದ್ದಮ್ಮ, ತಿಂಗಳಾಯ್ತು ನಿನ್ ಮಾತ್ ಕೇಳಿ, ಇವತ್ತೇನ್ ಇಂಗೆ?" ಅಂದಳು. ಟ್ರ್ಯಾಕ್ಟರಿನವನು, ಸೊಪ್ಪಿನವಳು, ನಲ್ಲಿಯ ಹತ್ತಿರ ಬಿಂದಿಗೆ ಕುಟ್ಟುವವರು. ಶ್ರಾವಣ ಸೋಮವಾರ, ಬೀದಿ ತುಂಬಾ ಗದ್ದಲ. ನಿನಗೆಂದು ಕೂಡಿಟ್ಟಿದ್ದ ದನಿಯನ್ನೆಲ್ಲ ಆ ಬೀದಿಗೇ ಸುರಿದುಬಿಟ್ಟೆ. ಸಂಜೆ ನಿನ್ನನ್ನು ಎಬ್ಬಿಸಲು ಬಂದಾಗ ಬಾಯಿ ತೆರೆದೆ, ಬರಲಿಲ್ಲ. ಅದಕ್ಕೇ ಭುಜ ಹಿಡಿದು ಅಲುಗಿಸಿದೆ.

ಸೊಪ್ಪಿನವಳಿಗೆ ಹೇಳುವಾಗ ಒಂದು ಸಂಗತಿ ಆಯಿತು. "ಸದ್ ಮಾಡ್ಬ್ಯಾಡ ಕಣವ್ವ, ನಮ್ ಕೂಸು ಮಲಗದೆ" ಅಂದೆ. ಅಂದ ಕೂಡಲೇ ನನಗೇ ಗುರುತು ಸಿಕ್ಕಿತು. ಅದು ಅವ್ವನ ಮಾತು. ನಾನು ಯೋಚಿಸಿ ಜೋಡಿಸಿಟ್ಟಿದ್ದರಲ್ಲಿ ಅದು ಇರಲೇ ಇಲ್ಲ, ಮರೆತೇ ಹೋಗಿತ್ತು. ನೀನು ತೊಟ್ಟಿಲಲ್ಲಿದ್ದಾಗ ಅವಳು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ, ನನಗೂ, ಅಪ್ಪನಿಗೂ, ಕೋಳಿಗೂ ಅದನ್ನೇ ಹೇಳುತ್ತಿದ್ದಳು. ಅದೇ ದನಿ, ಅದೇ ರಾಗ. ಸಂಜೆಯ ತನಕ ನಾನು ಬಾಗಿಲಲ್ಲೇ ನಿಂತು ಅದೊಂದೇ ಮಾತು ಆಡಿದೆ.

ನೀನು ಕೇಳಲಿಲ್ಲ ಎಂದು ಅಳಬೇಡ. ಅವ್ವ ಇದ್ದಾಗಲೂ ನೀನು ಆ ಮಾತನ್ನು ಕೇಳಿದವಳಲ್ಲ ನಾಗು. ಆಗಲೂ ನೀನು ಮಲಗಿರುತ್ತಿದ್ದೆ.

ಅಕ್ಕ